60ರಿಂದ 396: ಒಕ್ಕದ ಹಾಕಿ ಬೆಳೆಯಿತು, ಕೊಡಗಿನ ಹಾಕಿ ಬೆಳೆಯಿತೇ?

1997ರಲ್ಲಿ ಕರಡದ ಮೈದಾನಕ್ಕೆ ಇಳಿದದ್ದು 60 ಒಕ್ಕಗಳ ತಂಡ. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್‌ಗೆ ಹೆಸರು ಕೊಟ್ಟದ್ದು 396 ಒಕ್ಕ. ಹತ್ತಿರ ಹತ್ತಿರ ಆರೂವರೆ ಪಟ್ಟು. ಈ ಲೆಕ್ಕ ಕೇಳಿದರೆ ಯಾವ ಕೊಡಗಿನವನಿಗಾದರೂ ಎದೆ ಉಬ್ಬುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಅದನ್ನು ಯಾರೂ ಮೈಕ್‌ನಲ್ಲಿ ಹೇಳೋದಿಲ್ಲ. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತ ಪುರುಷರ ಹಾಕಿ ತಂಡದಲ್ಲಿ ಕೊಡಗಿನವರು ನಾಲ್ಕು ಮಂದಿ ಇದ್ದರು: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. 2021ರಲ್ಲಿ ಟೋಕಿಯೊದಲ್ಲಿ ಭಾರತ ಕಂಚು ಗೆದ್ದಾಗ ತಂಡದಲ್ಲಿ ಕೊಡಗಿನ ಆಟಗಾರ ಒಬ್ಬರೂ ಇಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಕಂಚು ಬಂತು, ಆಗಲೂ ಇಲ್ಲ.

ಅಂದರೆ ಕೊಡಗಿನಲ್ಲಿ ಸ್ಟಿಕ್ ಹಿಡಿಯುವ ಕೈಗಳು ಹೆಚ್ಚಾದವು, ದೇಶದ ಜೆರ್ಸಿ ತೊಡುವ ಮೈಗಳು ಕಡಿಮೆಯಾದವು. ಎರಡೂ ಒಂದೇ ಕಾಲದಲ್ಲಿ ಹೇಗಾಯಿತು? ಪ್ರತಿ ಬೇಸಿಗೆ ಹಾಕಿ ಹಬ್ಬ ಮುಗಿದು ಪೆಂಡಾಲ್ ಬಿಚ್ಚಿದ ಮೇಲೆ ಊರಲ್ಲಿ ಚರ್ಚೆಯಾಗಬೇಕಾದ ಪ್ರಶ್ನೆ ಇದು.

ಕರಡದಲ್ಲಿ ಶುರುವಾದದ್ದು

ಮೊದಲಿಗೆ ಒಂದು ವಿಷಯ ಸ್ಪಷ್ಟ ಇರಲಿ. ಪಾಂಡಂಡ ಕುಟ್ಟಪ್ಪ ಅವರು ಈ ಕೂಟ ಶುರು ಮಾಡಿದ್ದು ಒಲಿಂಪಿಯನ್‌ಗಳನ್ನು ತಯಾರು ಮಾಡೋಕೆ ಅಲ್ಲ. ಬ್ಯಾಂಕ್ ಉದ್ಯೋಗದಲ್ಲಿದ್ದ, ಹಾಕಿ ಹುಚ್ಚಿದ್ದ ಅವರ ಆಸೆ ಬೇರೆ ಇತ್ತು. ಪಟ್ಟಣ ಸೇರಿದವರು, ಸೈನ್ಯ ಸೇರಿದವರು, ತೋಟದಲ್ಲೇ ಉಳಿದವರು ಎಲ್ಲ ವರ್ಷಕ್ಕೊಮ್ಮೆ ಒಂದೇ ಮೈದಾನದಲ್ಲಿ ಸೇರಬೇಕು ಅನ್ನೋದು. ಅದಕ್ಕೆ ಪಾಂಡಂಡ ಒಕ್ಕವೇ ಮುಂದೆ ನಿಂತಿತು. ಊರವರ ಬಾಯಲ್ಲಿ 'ಕುಟ್ಟಣಿ' ಆಗಿದ್ದ ಕುಟ್ಟಪ್ಪನವರು ಈಗ ಇಲ್ಲ. ಅವರು ಹಾಕಿದ ದಾರಿ ಮಾತ್ರ ಉಳಿದಿದೆ.

ಆ ದಾರಿಯ ನಿಯಮ ಸರಳ. ತಂಡ ಊರಿನದ್ದಲ್ಲ, ಕ್ಲಬ್ಬಿನದ್ದಲ್ಲ, ಒಕ್ಕದ್ದು. ಒಂದೇ ಐನ್‌ಮನೆಯ ಹೆಸರು ಹೊತ್ತವರು ಒಂದು ತಂಡ. ಪ್ರತಿ ವರ್ಷ ಒಂದೊಂದು ಒಕ್ಕ ಕೂಟದ ಹೊಣೆ ಹೊರುತ್ತದೆ, ಆ ವರ್ಷದ ಕಪ್‌ಗೆ ಆ ಒಕ್ಕದ್ದೇ ಹೆಸರು. ಕೊಡವ ಹಾಕಿ ಅಕಾಡೆಮಿ ಮೇಲುಸ್ತುವಾರಿ ನೋಡಿಕೊಳ್ಳುತ್ತದೆ.

ಒಕ್ಕದ ಹೆಸರು ಎಂದರೇನು ಅಂತ ಹೊರಗಿನವರಿಗೆ ಅರ್ಥವಾಗೋದು ಹಾಕಿ ಆಟಗಾರರ ಇನಿಶಿಯಲ್ ಬಿಡಿಸಿದಾಗ. 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರಲ್ಲಿ ಸೋಲ್‌ಗೆ ಹೋದ ತಂಡದ ನಾಯಕರಾದ ಎಂ.ಎಂ. ಸೋಮಯ್ಯ ಅವರ ಮೊದಲ 'ಎಂ' ಅಂದರೆ ಮನೆಯಪಂಡ. 1972ರ ಮ್ಯೂನಿಕ್ ಕಂಚಿನ ತಂಡದ ಎಂ.ಪಿ. ಗಣೇಶ್ ಮೊಳ್ಳೇರ ಒಕ್ಕದವರು. ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ ಅಂಜಪರವಂಡ. ರಿಯೊಗೆ ಹೋದ ಉತ್ತಪ್ಪ ಸಣ್ಣುವಂಡ, ನಿಕಿನ್ ತಿಮ್ಮಯ್ಯ ಚೇಂದಂಡ. ದೇಶಕ್ಕೆ ಆಡಿದಾಗಲೂ ಒಕ್ಕದ ಹೆಸರು ಮೊದಲ ಅಕ್ಷರವಾಗಿ ಬೆನ್ನ ಹಿಂದೆಯೇ ಬಂದಿದೆ.

ಮೂರು ತಲೆಮಾರು, ಒಂದೇ ಜೆರ್ಸಿ

1997ರಲ್ಲಿ ಹತ್ತು ವರ್ಷದ ಹುಡುಗನಾಗಿದ್ದವನಿಗೆ 2025ರಲ್ಲಿ ಮೂವತ್ತೆಂಟು. ಆಗ ಬೌಂಡರಿ ಗೆರೆ ಹೊರಗೆ ಕೂತು ಅಪ್ಪನ ಆಟ ನೋಡಿದವನು ಈಗ ಮಗನನ್ನೋ ಮಗಳನ್ನೋ ಕರೆದುಕೊಂಡು ಮೈದಾನಕ್ಕೆ ಬರುತ್ತಾನೆ. ಅಜ್ಜ ಗೋಲ್ ಹತ್ತಿರ, ಅಪ್ಪ ಮಿಡ್‌ಫೀಲ್ಡ್‌ನಲ್ಲಿ, ಹೈಸ್ಕೂಲ್ ಹುಡುಗಿ ಫಾರ್ವರ್ಡ್ ಲೈನ್‌ನಲ್ಲಿ. ಇಂಥ ತಂಡ ಈ ಕೂಟದಲ್ಲಿ ಅಪರೂಪದ ದೃಶ್ಯ ಅಲ್ಲ. ಗಂಡಸರ ಜೊತೆ ಹೆಂಗಸರೂ ಒಂದೇ ತಂಡದಲ್ಲಿ ಆಡೋದು ಇಲ್ಲಿನ ವಿಶೇಷ. ರಾಷ್ಟ್ರೀಯ ಆಟಗಾರ ಕೂಡ ಇಲ್ಲಿ ಒಕ್ಕದ ಹುಡುಗನೇ. ಎಂದೂ ಸ್ಟಿಕ್ ಮುಟ್ಟದ ದೊಡ್ಡಪ್ಪನಿಗೂ ಅವನೇ ಪಾಸ್ ಕೊಡಬೇಕು.

ಸಣ್ಣ ಒಕ್ಕಗಳಿಗೆ ಇದು ಬರೀ ಚಂದಕ್ಕಲ್ಲ, ಅನಿವಾರ್ಯ. ಹನ್ನೊಂದು ಗಂಡಾಳು ಊರಲ್ಲಿ ಇಲ್ಲದ ಒಕ್ಕ ಎಷ್ಟೋ ಇವೆ. ಹುಡುಗರು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಗಡಿಯಲ್ಲಿ, ದುಬೈಯಲ್ಲಿ. ರಜೆ ಸಿಕ್ಕಿದರೆ ಬರುತ್ತಾರೆ, ಇಲ್ಲದಿದ್ದರೆ ಇಲ್ಲ. ಆಗ ಹೆಣ್ಣುಮಕ್ಕಳು, ಹಿರಿಯರು, ಮಕ್ಕಳು ಸೇರಿಯೇ ತಂಡ ಆಗಬೇಕು. ಹಾಗೆ ಆಗಿಯೂ ಇದೆ. 396 ಅನ್ನುವ ಸಂಖ್ಯೆಯ ಹಿಂದೆ ಇರುವ ನಿಜವಾದ ಬಲ ಇದು. ತಂಡಕ್ಕೆ 11 ಮಂದಿ ಅಂತ ಹಿಡಿದರೂ 4,356 ಜನ ಸ್ಟಿಕ್ ಹಿಡಿದು ಮೈದಾನಕ್ಕೆ ಇಳಿದ ಲೆಕ್ಕ. ಬದಲಿ ಆಟಗಾರರು ಬೇರೆ.

2018ರ ಆಗಸ್ಟ್‌ನ ಮಳೆ, ಭೂಕುಸಿತ, ಅದರ ಬೆನ್ನಿಗೇ ಕೋವಿಡ್ ಬಂದಾಗ ಈ ಕೂಟ ನಾಲ್ಕು ವರ್ಷ ನಡೆಯಲಿಲ್ಲ. ಇನ್ನು ಮುಗೀತು ಅಂದವರೂ ಇದ್ದರು. 2023ರಲ್ಲಿ ಅಪ್ಪಚೆಟ್ಟೋಳಂಡ ಒಕ್ಕ ನಾಪೋಕ್ಲುವಿನಲ್ಲಿ ಮತ್ತೆ ಶುರು ಮಾಡಿದಾಗ 336 ಒಕ್ಕ ಬಂದವು. 2024ರ ಕುಂಡ್ಯೋಳಂಡ ಕಪ್‌ಗೆ 360 ಒಕ್ಕ, ಜೊತೆಗೆ ಗಿನ್ನೆಸ್ ದಾಖಲೆ. 2025ರಲ್ಲಿ ಮುದ್ದಂಡ ಒಕ್ಕ 25ನೇ ವರ್ಷದ ಬೆಳ್ಳಿ ಹಬ್ಬ ಮಾಡಿದಾಗ 396. ಮನೆ, ತೋಟ, ರಸ್ತೆ ಕಳೆದುಕೊಂಡ ಜಿಲ್ಲೆ ಮತ್ತೆ ಎದ್ದು ನಿಲ್ಲೋದಕ್ಕೆ ಈ ಆಟವೂ ಒಂದು ನೆಪವಾಯಿತು. ಕುಟ್ಟಪ್ಪನವರ ಮೂಲ ಉದ್ದೇಶದ ಅಳತೆಗೋಲಿನಲ್ಲಿ ನೋಡಿದರೆ ಇದು ಗೆದ್ದ ಕೂಟ. ಅದರಲ್ಲಿ ಎರಡು ಮಾತಿಲ್ಲ.

ಪೇಟೆಯ ಲೆಕ್ಕ

ಕೂಟ ಬರೋದು ಕಾಫಿ ಕೊಯ್ಲು ಮುಗಿದು, ಶಾಲೆಗೆ ರಜೆ ಸಿಕ್ಕು, ಮಳೆಗಾಲ ಇನ್ನೂ ಹಿಡಿಯದ ನಡುವಿನ ಹೊತ್ತಿಗೆ. ಇದು ಪೇಟೆಯವರಿಗೂ ಗೊತ್ತಿರುವ ಲೆಕ್ಕ. ನಾಪೋಕ್ಲುವಿನಂಥ ಸಣ್ಣ ಪೇಟೆಗೆ ಒಂದು ತಿಂಗಳು ದಿನವೂ ಸಾವಿರಗಟ್ಟಲೆ ಜನ ಬಂದರೆ ಏನಾಗುತ್ತದೆ ಅಂತ ಅಲ್ಲಿನ ಅಂಗಡಿಯವರನ್ನು ಕೇಳಬೇಕು. 2018, 2023, 2024ರ ಕೂಟ ನಡೆದದ್ದು ಅಲ್ಲೇ. ಹೋಟೆಲ್, ಬೇಕರಿ, ಹಣ್ಣಿನ ಅಂಗಡಿ, ಪೆಟ್ರೋಲ್ ಬಂಕ್, ಆಟೊ, ಹೋಂಸ್ಟೇ, ಪೆಂಡಾಲ್‌ನವರು, ಜೆರ್ಸಿ ಪ್ರಿಂಟ್ ಹಾಕುವವರು, ಎಲ್ಲರಿಗೂ ಕೈತುಂಬ ಕೆಲಸ.

ಆದರೆ ಕೂಟ ಪ್ರತಿ ವರ್ಷ ಒಂದೇ ಊರಲ್ಲಿ ಇರೋದಿಲ್ಲ. ಆತಿಥ್ಯ ವಹಿಸುವ ಒಕ್ಕ ಎಲ್ಲಿ ಮೈದಾನ ನಿಶ್ಚಯಿಸುತ್ತದೋ ಅಲ್ಲಿ. ಹಾಗಾಗಿ ಇದನ್ನು ನಂಬಿ ಯಾವ ಅಂಗಡಿಯವನೂ ದೊಡ್ಡ ಬಂಡವಾಳ ಹಾಕೋಕೆ ಆಗಲ್ಲ. ಒಂದು ವರ್ಷ ಹಬ್ಬ, ಮುಂದಿನ ವರ್ಷ ಮೌನ. ಹಾಕಿ ಸ್ಟಿಕ್, ಶೂ, ಶಿನ್‌ಗಾರ್ಡ್ ಮಾರುವವರಿಗೂ ಅಷ್ಟೇ. ಮಾರ್ಚ್, ಏಪ್ರಿಲ್‌ನಲ್ಲಿ ಸ್ಟಾಕ್ ಸಾಲಲ್ಲ, ಜುಲೈನಲ್ಲಿ ಕೇಳುವವರಿಲ್ಲ. ವರ್ಷಪೂರ್ತಿ ಆಟ ಇರುವ ಊರಲ್ಲಿ ಮಾತ್ರ ವರ್ಷಪೂರ್ತಿ ಆಟದ ಅಂಗಡಿ ನಡೆಯುತ್ತದೆ. ಅಂಗಡಿಯ ಈ ಲೆಕ್ಕ ನಮ್ಮ ಹಾಕಿಯ ಲೆಕ್ಕವೂ ಹೌದು.

ನಾಕೌಟ್‌ನ ಗಣಿತ

ಈಗ ಮೂಲ ಪ್ರಶ್ನೆಗೆ ಬರೋಣ. ಇಷ್ಟು ತಂಡ, ಇಷ್ಟು ಉತ್ಸಾಹ ಇದ್ದೂ ಮೇಲ್ಮಟ್ಟದ ಆಟಗಾರರು ಯಾಕೆ ಬರುತ್ತಿಲ್ಲ?

ಕೂಟ ನಡೆಯೋದು ನಾಕೌಟ್ ಪದ್ಧತಿಯಲ್ಲಿ. ಸೋತವನು ಮನೆಗೆ. ಒಂದು ಪಂದ್ಯಕ್ಕೆ ಒಂದು ತಂಡ ಹೊರಹೋಗುತ್ತದೆ, ಹಾಗಾಗಿ 396 ತಂಡದಲ್ಲಿ ಒಬ್ಬ ಚಾಂಪಿಯನ್ ಸಿಗಬೇಕಾದರೆ 395 ಪಂದ್ಯ ಆಗಲೇಬೇಕು. 1997ರಲ್ಲಿ 60 ತಂಡಕ್ಕೆ 59 ಪಂದ್ಯ ಸಾಕಿತ್ತು. 395 ಪಂದ್ಯವನ್ನು ಒಂದು ತಿಂಗಳಲ್ಲಿ ಮುಗಿಸಬೇಕಾದರೆ ದಿನಕ್ಕೆ ಸರಾಸರಿ 13. ಒಂದಕ್ಕಿಂತ ಹೆಚ್ಚು ಮೈದಾನ ಬೇಕು, ಬೆಳಗ್ಗಿಂದ ಸಂಜೆವರೆಗೆ ಬಿಸಿಲಲ್ಲಿ ಆಡಬೇಕು, ಅಂಪೈರ್‌ಗಳಿಗೆ ಉಸಿರಾಡೋಕೆ ಪುರುಸೊತ್ತಿಲ್ಲ.

ಒಂದು ಒಕ್ಕಕ್ಕೆ ಇದರಲ್ಲಿ ಎಷ್ಟು ಆಟ ಸಿಗುತ್ತದೆ? ಬೈ ಲೆಕ್ಕ ಹಿಡಿದು ನೋಡಿದರೆ, ಎರಡು ಸುತ್ತು ಮುಗಿದು 128 ತಂಡ ಉಳಿಯುವ ಹೊತ್ತಿಗೆ 268 ತಂಡ ಒಂದೋ ಎರಡೋ ಪಂದ್ಯ ಆಡಿ ಮನೆ ಸೇರಿರುತ್ತವೆ. ಅಂದರೆ ಮೂರರಲ್ಲಿ ಎರಡು ಪಾಲು ಒಕ್ಕಗಳ ಮಕ್ಕಳಿಗೆ ವರ್ಷದ ಹಾಕಿ ಅಂದರೆ ಅಷ್ಟೇ. ಆಮೇಲೆ ಸ್ಟಿಕ್ ಅಟ್ಟ ಸೇರುತ್ತದೆ.

ಆ ಒಂದು ಪಂದ್ಯದಲ್ಲಿ ಚುರುಕಾಗಿ ಆಡಿದ ಹನ್ನೆರಡು ವರ್ಷದ ಹುಡುಗಿ ಇದ್ದಳು ಅಂತ ಇಟ್ಟುಕೊಳ್ಳಿ. ಅವಳ ಒಕ್ಕ ಮೊದಲ ಸುತ್ತಿನಲ್ಲೇ ಸೋತಿತು. ಗ್ಯಾಲರಿಯಲ್ಲಿ ಚಪ್ಪಾಳೆ ಬಿತ್ತು, ಹಿರಿಯರು ಬೆನ್ನು ತಟ್ಟಿದರು. ಮರುದಿನ ಅವಳನ್ನು ಹುಡುಕಿಕೊಂಡು ಬರುವ ಕೋಚ್ ಯಾರು? ಅವಳ ಶಾಲೆಯಲ್ಲಿ ದೈಹಿಕ ಶಿಕ್ಷಕರು ಇದ್ದಾರಾ? ಇದ್ದರೂ ಹಾಕಿ ಬಲ್ಲವರಾ? ಕೂಟ ಪ್ರತಿಭೆಯನ್ನು ಕಣ್ಣೆದುರಿಗೆ ತಂದು ನಿಲ್ಲಿಸುತ್ತದೆ, ಕೈ ಹಿಡಿದು ಮುಂದಕ್ಕೆ ಕರೆದೊಯ್ಯುವ ವ್ಯವಸ್ಥೆ ಅದರ ಬೆನ್ನಿಗೆ ಇಲ್ಲ.

ಹುಲ್ಲು ಬೇರೆ, ಟರ್ಫ್ ಬೇರೆ

ಎರಡನೇ ಕಾರಣ ಮೈದಾನ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ದೊಡ್ಡ ಹಾಕಿ ಕೃತಕ ಟರ್ಫ್‌ಗೆ ಹೋಯಿತು. ಒಕ್ಕಗಳ ಕೂಟ ಈಗಲೂ ಮಣ್ಣು, ಹುಲ್ಲಿನ ಮೈದಾನದ್ದು. ಅದರಲ್ಲಿ ತಪ್ಪೇನಿಲ್ಲ. ಹಬ್ಬಕ್ಕೆ ಅದೇ ಚಂದ. ಮೈದಾನದ ಸುತ್ತ ಕೂತು ನೋಡುವ ಸಾವಿರಾರು ಜನಕ್ಕೆ ಜಾಗ ಸಿಗೋದೂ ಅಲ್ಲೇ.

ಆದರೆ ಹುಲ್ಲಿನ ಮೇಲೆ ಚೆಂಡು ಏಳುತ್ತದೆ, ತಿರುಗುತ್ತದೆ, ನಿಲ್ಲುತ್ತದೆ. ಅಲ್ಲಿ ಬೇಕಾದದ್ದು ಡ್ರಿಬ್ಲಿಂಗ್, ಮಣಿಕಟ್ಟಿನ ಚಳಕ. ಟರ್ಫ್ ಮೇಲೆ ಚೆಂಡು ಗೆರೆ ಎಳೆದಂತೆ ಓಡುತ್ತದೆ. ಅಲ್ಲಿ ಬೇಕಾದದ್ದು ಓಟ, ದಮ್ಮು, ಒಂದೇ ಟಚ್‌ನಲ್ಲಿ ಪಾಸ್. ಪಂಜಾಬಿನ, ಒಡಿಶಾದ ಮಕ್ಕಳು ಹಾಸ್ಟೆಲ್ ಸೇರಿ ಸಣ್ಣ ವಯಸ್ಸಿನಲ್ಲೇ ಟರ್ಫ್ ಮೇಲೆ ಓಡಿ ಬೆಳೆಯುತ್ತಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಟರ್ಫ್ ಇಲ್ಲ ಅಂತಲ್ಲ. ಕೂಡಿಗೆಯ ಕ್ರೀಡಾ ಶಾಲೆ, ಪೊನ್ನಂಪೇಟೆಯ ಕ್ರೀಡಾ ಹಾಸ್ಟೆಲ್ ಇವೆ, ಅಲ್ಲಿಂದ ಒಳ್ಳೆಯ ಆಟಗಾರರು ಬಂದಿದ್ದಾರೆ. ಆದರೆ ಹಾಸ್ಟೆಲ್‌ಗೆ ಸೇರುವ ಕೆಲವೇ ಮಕ್ಕಳಿಗೂ, ಬೇಸಿಗೆಯಲ್ಲಿ ಸ್ಟಿಕ್ ಹಿಡಿಯುವ ಸಾವಿರಾರು ಮಂದಿಗೂ ನಡುವೆ ಸೇತುವೆ ಇಲ್ಲ.

ಒಕ್ಕದ ಹೊರಗಿನ ಹಾಕಿ

ಇಲ್ಲಿ ಇನ್ನೊಂದು ಮಾತು ಹೇಳದಿದ್ದರೆ ಚಿತ್ರ ಪೂರ್ತಿಯಾಗಲ್ಲ. ಕೊಡಗಿನ ಹಾಕಿ ಅಂದರೆ ಕೊಡವ ಒಕ್ಕಗಳ ಹಾಕಿ ಮಾತ್ರ ಅಲ್ಲ. 1975ರ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದ ಬಿ.ಪಿ. ಗೋವಿಂದ ಸೋಮವಾರಪೇಟೆಯವರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡಿದ ಅರ್ಜುನ್ ಹಾಲಪ್ಪ, ರಿಯೊ ತಂಡದ ಎಸ್.ವಿ. ಸುನಿಲ್ ಕೂಡ ಸೋಮವಾರಪೇಟೆಯವರೇ. ಒಕ್ಕದ ಕೂಟದ ಆಚೆಗೆ, ಪೇಟೆ ಮೈದಾನದ ಬಲದ ಮೇಲೆ ಬೆಳೆದ ಪರಂಪರೆ ಅದು.

ಒಕ್ಕದ ಹಾಕಿಯನ್ನು ನೋಡಿ ಜಿಲ್ಲೆಯ ಬೇರೆ ಸಮಾಜದವರೂ ಕುಟುಂಬವಾರು ಕೂಟ ಶುರು ಮಾಡಿದ್ದಾರೆ. ಗೌಡ ಕುಟುಂಬಗಳದ್ದು, ಮುಸ್ಲಿಂ ಕುಟುಂಬಗಳದ್ದು ಹೀಗೆ ಒಂದೊಂದು ಸಮಾಜಕ್ಕೂ ಒಂದೊಂದು ಹಬ್ಬ. ಆದರೆ ಅದರಲ್ಲಿ ಹೆಚ್ಚಿನದು ಕ್ರಿಕೆಟ್. ಅಂದರೆ ಕುಟುಂಬದ ಹೆಸರಲ್ಲಿ ಕೂಡುವ ಪದ್ಧತಿ ಎಲ್ಲರಿಗೂ ಹಿಡಿಸಿತು, ಹಾಕಿ ಸ್ಟಿಕ್ ಮಾತ್ರ ಎಲ್ಲರ ಕೈಗೆ ಹೋಗಲಿಲ್ಲ. ತೋಟದ ಲೈನ್‌ಮನೆಯ ಮಗುವಿಗೆ, ಪೇಟೆಯ ಅಂಗಡಿಯವನ ಮಗುವಿಗೆ ಹಾಕಿ ಸಿಗಬೇಕಾದರೆ ಅದು ಶಾಲೆಯ ಮೂಲಕವೇ ಸಿಗಬೇಕು. ಶಾಲೆಯಲ್ಲಿ ಹಾಕಿ ಸೊರಗಿದರೆ ಆ ಬಾಗಿಲು ಮುಚ್ಚಿದ ಹಾಗೆಯೇ.

ಹೊರೆ ಯಾರ ಹೆಗಲಿಗೆ?

ಇನ್ನು ಕೂಟದ ಭವಿಷ್ಯದ ಮಾತು. ಆತಿಥ್ಯ ಹೊರೋದು ಒಂದೇ ಒಕ್ಕ. ಮೈದಾನ ಸಜ್ಜು ಮಾಡೋದು, ಗ್ಯಾಲರಿ, ನೀರು, ಅಂಪೈರ್‌ಗಳ ವಸತಿ, ಊಟ, ವೈದ್ಯರು, ಪಾರ್ಕಿಂಗ್, ಉದ್ಘಾಟನೆ, ಫೈನಲ್, ಬಹುಮಾನ ಎಲ್ಲ ಆ ಒಕ್ಕದ ತಲೆ ಮೇಲೆ. ಸರ್ಕಾರದ ಅನುದಾನ, ಪ್ರಾಯೋಜಕರು, ದಾನಿಗಳು ಇದ್ದಾರೆ ನಿಜ. ಆದರೆ ಮೊದಲು ಕೈಯಿಂದ ಹಾಕಿ ಓಡಾಡಬೇಕಾದವರು ಒಕ್ಕದವರೇ. ವರ್ಷ ಮುಂಚಿನಿಂದಲೇ ಸಭೆ, ಸಮಿತಿ, ಚಂದಾ.

60 ತಂಡ ಇದ್ದಾಗ ಹೊರಬಹುದಾದ ಹೊರೆ ಇದು. 396ಕ್ಕೆ ಬಂದಾಗ ದೊಡ್ಡ ಒಕ್ಕಕ್ಕೂ ಸೊಂಟ ಬಗ್ಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕಾಫಿಗೆ ಹಿಂದೆಂದೂ ಕಾಣದ ರೇಟ್ ಬಂದದ್ದರಿಂದ ಕೈ ಸ್ವಲ್ಪ ಸಡಿಲ ಇತ್ತು. ಆದರೆ ಕಾಫಿ ರೇಟ್ ನಂಬಿ ಇಪ್ಪತ್ತೈದು ವರ್ಷದ ಯೋಜನೆ ಹಾಕೋಕೆ ಆಗಲ್ಲ ಅಂತ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ರೇಟ್ ಬಿದ್ದ ವರ್ಷ ಸಣ್ಣ ಒಕ್ಕವೊಂದು 'ಈ ಸಲ ನಮ್ಮಲ್ಲಿ' ಅಂತ ಮುಂದೆ ಬರೋ ಧೈರ್ಯ ಮಾಡುತ್ತಾ? ಆತಿಥ್ಯ ದೊಡ್ಡ ಒಕ್ಕಗಳಿಗೆ, ಉಳ್ಳವರಿಗೆ ಮಾತ್ರ ಅಂತಾದರೆ ಕರಡದಲ್ಲಿ ಹುಟ್ಟಿದ ಸಮಾನತೆ ಮಸುಕಾಗುತ್ತದೆ. ಈ ಕೂಟದ ಚಂದವೇ ಮೈದಾನದಲ್ಲಿ ದೊಡ್ಡ ಒಕ್ಕ, ಸಣ್ಣ ಒಕ್ಕ ಅಂತ ಇಲ್ಲದಿರೋದು.

ದಾಖಲೆಗೂ ಒಂದು ಬೆಲೆ ಇದೆ. ಗಿನ್ನೆಸ್ ಬಂದ ಮೇಲೆ ಪ್ರತಿ ವರ್ಷದ ಸುದ್ದಿ 'ಈ ಸಲ ಎಷ್ಟು ಒಕ್ಕ' ಅನ್ನೋದೇ ಆಗಿದೆ. ಹಿಂದಿನ ವರ್ಷಕ್ಕಿಂತ ಕಡಿಮೆ ಆದರೆ ಆತಿಥ್ಯ ವಹಿಸಿದ ಒಕ್ಕಕ್ಕೆ ಮುಖಭಂಗ ಅನ್ನುವ ವಾತಾವರಣ ಬಂದರೆ ಅದು ಒಳ್ಳೆಯದಲ್ಲ. ಸಂಖ್ಯೆ ಬೆಳೆಯೋಕೂ ಒಂದು ಮಿತಿ ಇದೆ. ಹೆಸರು ಕೊಡದ ಒಕ್ಕಗಳೆಲ್ಲ ಹೆಸರು ಕೊಟ್ಟ ಮೇಲೆ ಮುಂದೇನು?

ಮಾಡಬಹುದಾದ ಕೆಲಸ

ದೊಡ್ಡ ಯೋಜನೆಗಳ ಮಾತು ಬೇಡ. ಇರುವ ಬಲದಲ್ಲೇ ಆಗುವ ಕೆಲಸ ಕೆಲವು ಇವೆ.

ಒಂದು, ಮೊದಲ ಎರಡು ಸುತ್ತಿನಲ್ಲಿ ಸೋತ ಒಕ್ಕಗಳ ಹದಿನಾರು ವರ್ಷದೊಳಗಿನ ಮಕ್ಕಳಿಗೆ ಕೂಟದ ಕೊನೆಯ ವಾರವೇ ಆಯ್ಕೆ ಶಿಬಿರ. ಕ್ರೀಡಾ ಹಾಸ್ಟೆಲ್‌ನ ಕೋಚ್‌ಗಳು ಹೇಗೂ ಪಂದ್ಯ ನೋಡೋಕೆ ಬರುತ್ತಾರೆ. ಪಂದ್ಯಕ್ಕೆ ಇಬ್ಬರು ಒಳ್ಳೆಯ ಮಕ್ಕಳ ಹೆಸರು ಬರೆದಿಟ್ಟರೂ 395 ಪಂದ್ಯದಲ್ಲಿ ಎಷ್ಟು ಹೆಸರು ಸಿಗುತ್ತದೆ ಅಂತ ಲೆಕ್ಕ ಹಾಕಿ ನೋಡಿ.

ಎರಡು, ಆತಿಥ್ಯದ ಹೊರೆ ಹಂಚಿಕೊಳ್ಳೋದು. ಕಪ್‌ಗೆ ಒಂದು ಒಕ್ಕದ ಹೆಸರೇ ಇರಲಿ, ಅದು ಆ ಒಕ್ಕದ ಗೌರವ. ಆದರೆ ಮೊದಲ ಸುತ್ತಿನ ಪಂದ್ಯಗಳನ್ನು ತಾಲ್ಲೂಕುವಾರು ಹಂಚಿದರೆ ಒಂದೇ ಊರಿನ ಮೇಲೆ ಒತ್ತಡ ಇಳಿಯುತ್ತದೆ. ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ, ಕುಶಾಲನಗರ, ಐದೂ ಪೇಟೆಗೆ ಹಬ್ಬದ ವ್ಯಾಪಾರವೂ ಸಿಗುತ್ತದೆ. ಎಲ್ಲರೂ ಒಂದೇ ಕಡೆ ಸೇರುವ ಖುಷಿ ಕಡಿಮೆಯಾಗುತ್ತದೆ ಅನ್ನುವ ಆಕ್ಷೇಪ ಬರುತ್ತದೆ, ಅದರಲ್ಲಿ ನ್ಯಾಯವೂ ಇದೆ. ಅದಕ್ಕೇ ಮೊದಲ ಸುತ್ತಿಗೆ ಮಾತ್ರ.

ಮೂರು, ಆತಿಥ್ಯ ವಹಿಸಿದ ಒಕ್ಕ ಹೋಗುವಾಗ ಆ ಊರಿನ ಒಂದು ಸರ್ಕಾರಿ ಶಾಲೆಗೆ ಮೂವತ್ತು ಸ್ಟಿಕ್, ಒಂದು ಸೆಟ್ ಗೋಲ್‌ಕೀಪರ್ ಕಿಟ್ ಬಿಟ್ಟು ಹೋಗಲಿ. ಒಂದು ಕೂಟದ ಖರ್ಚಿನಲ್ಲಿ ಇದು ಲೆಕ್ಕಕ್ಕೇ ಸಿಗದ ಮೊತ್ತ. ಆ ಸ್ಟಿಕ್ ಯಾವ ಒಕ್ಕದ, ಯಾವ ಸಮಾಜದ ಮಗುವಿನ ಕೈಗಾದರೂ ಹೋಗಲಿ. 25 ಕೂಟದಲ್ಲಿ ಹೀಗೆ ಮಾಡಿದ್ದರೆ ಇವತ್ತಿಗೆ 25 ಶಾಲೆಯಲ್ಲಿ ಹಾಕಿ ಇರುತ್ತಿತ್ತು.

ನಾಲ್ಕು, ಮೈದಾನ. ಕೂಟಕ್ಕೆ ಅಂತ ಸಮ ಮಾಡಿ, ಗೆರೆ ಹಾಕಿ, ಗೋಲ್‌ಪೋಸ್ಟ್ ನಿಲ್ಲಿಸಿದ ಮೈದಾನ ಮಳೆಗಾಲ ಕಳೆಯೋದರೊಳಗೆ ಹುಲ್ಲು ಬೆಳೆದು ದನ ಮೇಯುವ ಜಾಗ ಆಗಬಾರದು. ಅದನ್ನು ನೋಡಿಕೊಳ್ಳೋ ಹೊಣೆ ಪಂಚಾಯಿತಿಗೋ, ಶಾಲೆಗೋ, ಊರಿನ ಕ್ಲಬ್ಬಿಗೋ, ಯಾರಿಗೆ ಅಂತ ಫೈನಲ್‌ಗೆ ಮುಂಚೆಯೇ ತೀರ್ಮಾನ ಆಗಲಿ.

ಕುಟ್ಟಪ್ಪನವರು 60 ಒಕ್ಕವನ್ನು ಸೇರಿಸಿದಾಗ ಗಿನ್ನೆಸ್ ಕನಸು ಕಂಡಿರಲಿಕ್ಕಿಲ್ಲ. ಸಂಬಂಧ ತಪ್ಪಬಾರದು ಅನ್ನೋದೇ ಅವರಿಗೆ ಮುಖ್ಯವಾಗಿತ್ತು. ಆ ಸಂಬಂಧ ಉಳಿಯಿತು, ಮೂರನೇ ತಲೆಮಾರಿಗೂ ದಾಟಿತು. ಈಗ ಆಟದ ಸರದಿ. ಮುಂದಿನ ಕೂಟಕ್ಕೆ 400 ದಾಟಿತೋ ಇಲ್ಲವೋ ಅನ್ನೋದಕ್ಕಿಂತ, ಸೋತು ಮನೆಗೆ ಹೋದ ಒಕ್ಕದ ಮಕ್ಕಳು ಜೂನ್‌ನಲ್ಲಿ ಶಾಲೆ ಬಾಗಿಲು ತೆರೆದಾಗ ಸ್ಟಿಕ್ ಹಿಡಿದು ಹೋಗುತ್ತಾರೋ ಇಲ್ಲವೋ ಅನ್ನೋದನ್ನು ಊರು ಎಣಿಸಲಿ. ಒಲಿಂಪಿಕ್ಸ್ ಪಟ್ಟಿಯಲ್ಲಿ ಒಕ್ಕದ ಮೊದಲ ಅಕ್ಷರ ಮತ್ತೆ ಕಾಣಿಸಿಕೊಳ್ಳಬೇಕಾದರೆ ದಾರಿ ಅಲ್ಲಿಂದಲೇ ಶುರು.